ಎದುರು ಕಡೆಯ ವಕೀಲರು

ಅವರು ತೀರಿಕೊಂಡ ಸುದ್ದಿ ಸಿಕ್ಕಿದಾಗ ನಾನು ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕಂಕುಳಲ್ಲಿ ಒಂದು ಫೈಲು ಇತ್ತು. ಆ ಕೇಸಿನಲ್ಲಿ ಎದುರು ಕಡೆಯ ವಕೀಲರು ಅವರೇ. ಎರಡು ದಿನ ಕೂತು, ಈ ಸಲವಾದರೂ ಅವರ ಬಾಯಿ ಮುಚ್ಚಿಸಬೇಕು ಅಂತ ಹಟ ತೊಟ್ಟು ತಯಾರಿ ಮಾಡಿಕೊಂಡಿದ್ದೆ. ಸುದ್ದಿ ಹೇಳಿದವನು ಕೋರ್ಟಿನ ಜವಾನ. ಅವನು ಹೇಳಿ ಹೋದ ಮೇಲೂ ನಾನು ಬಸ್ಸು ಹತ್ತಿದೆ, ತರೀಕೆರೆಯಲ್ಲಿ ಇಳಿದೆ, ಕೋರ್ಟಿನ ಮೆಟ್ಟಿಲವರೆಗೂ ಹೋದೆ. ಅಲ್ಲಿ ಫೈಲನ್ನು ಪಕ್ಕಕ್ಕಿಟ್ಟು ಕೂತುಬಿಟ್ಟೆ. ಹದಿನೆಂಟು ವರ್ಷ ಜಗಳವಾಡಿದ ಮನುಷ್ಯ, ಇನ್ನು ಮೇಲೆ ನಾನು ಯಾರ ಮೇಲೆ ರೇಗಲಿ?

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕಡೆಯವರು ಮೊದಲು ಜಾತಿ ಹುಡುಕುತ್ತಾರೆ, ಆಮೇಲೆ ಮಠ, ಆಮೇಲೆ ಪಾರ್ಟಿ, ಆಮೇಲೆ ಬೀಗರು ಯಾರು ಅನ್ನುವುದು. ಇಷ್ಟೆಲ್ಲ ಆದ ಮೇಲೆ ಪುರುಸೊತ್ತಿದ್ದರೆ ಮನುಷ್ಯನನ್ನು ನೋಡುತ್ತಾರೆ. ಎರಡು ಸಲ ಶಾಸಕರಾಗಿದ್ದರೂ ಅಜ್ಜಂಪುರದ ಜನ ಅವರನ್ನು ಎಮ್ಮೆಲ್ಲೆ ಅಂತ ಕರೆದದ್ದು ಕಡಿಮೆ. 'ಲಾಯರ್ರು' ಅನ್ನುತ್ತಿದ್ದರು. ನನಗೂ ಅಷ್ಟು ಸಾಕು.

ಅಗಲವಾದ ಹಣೆ, ಅದರ ಮೇಲೆ ವಿಭೂತಿ. ಕಪ್ಪು ಕೋಟು ಬಿಸಿಲಿಗೆ ಬಣ್ಣ ಬಿಟ್ಟು ಹುರುಳಿಕಾಳಿನ ಬಣ್ಣಕ್ಕೆ ತಿರುಗಿತ್ತು. ಯಾರಾದರೂ ಮಾತಾಡಲು ಶುರುಮಾಡಿದರೆ ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಮುಂದಕ್ಕೆ ಬಾಗುವುದು ಅವರ ಅಭ್ಯಾಸ. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಗೊತ್ತಿಲ್ಲದವರು ಕಿವುಡರು ಅಂದುಕೊಂಡು ಕಿರುಚಿ ಹೇಳುತ್ತಿದ್ದರು. ಪಂಚನಹಳ್ಳಿಯಿಂದ ಬಂದ ಒಬ್ಬ ರೈತ ತನ್ನ ಸಂಸಾರದ ಗುಟ್ಟನ್ನೆಲ್ಲ ಹೀಗೆ ಕೂಗಿ ಹೇಳಿ, ಕೋರ್ಟಿನ ಆವರಣದಲ್ಲಿದ್ದವರಿಗೆಲ್ಲ ಕೇಳಿಸಿ, ನಾವೆಲ್ಲ ಬೇರೆ ಕಡೆ ಮುಖ ತಿರುಗಿಸಿಕೊಂಡು ನಕ್ಕಿದ್ದೆವು. ಅವರು ಮಾತ್ರ ನಗಲಿಲ್ಲ. ಪೂರ್ತಿ ಕೇಳಿ, "ಇಷ್ಟೇನಾ, ಇನ್ನೂ ಏನಾರ ಐತಾ?" ಎಂದು ಕೇಳಿದರು.

ಎಪ್ಪತ್ತರ ದಶಕದ ಶುರುವಿನಲ್ಲಿ, ನಾನು ಹೊಸದಾಗಿ ವಕೀಲಿಕೆಯ ಸನ್ನದು ತೆಗೆದುಕೊಂಡು ಬಂದ ವರ್ಷ, ತರೀಕೆರೆ ಕೋರ್ಟಿನಲ್ಲಿ ಮೊದಲ ಸಲ ಅವರೆದುರು ನಿಂತೆ. ದಾರಿಯ ಹಕ್ಕಿನ ಒಂದು ಸಣ್ಣ ವ್ಯಾಜ್ಯ. ನಾನು ಇಂಗ್ಲಿಷಿನಲ್ಲಿ ದಬದಬ ವಾದ ಮಾಡಿ ಕೂತೆ. ಅವರು ಎದ್ದವರು ತಮ್ಮ ಕಡೆಯ ಮಾತನ್ನೇ ಎತ್ತಲಿಲ್ಲ. "ಸ್ವಾಮಿ, ಎದುರು ಕಡೆಯವರ ವಾದ ಏನೆಂದರೆ" ಎಂದು ನನ್ನ ವಾದವನ್ನು ನನಗಿಂತ ಚೆನ್ನಾಗಿ ಮಾಡಿದರು. ನಾನು ಬಿಟ್ಟಿದ್ದ ಎರಡು ಅಂಶಗಳನ್ನೂ ಸೇರಿಸಿದರು. ನನ್ನ ಕಕ್ಷಿದಾರ ನನ್ನ ಕೋಟು ಜಗ್ಗಿ, "ಸ್ವಾಮಿ, ನಮ್ ವಕೀಲ್ರು ಯಾರು? ನೀವಾ, ಅವರಾ?" ಎಂದು ಕೇಳಿದ. ಅದಾದ ಮೇಲೆ ಅವರು ತಮ್ಮ ಕಡೆಯದನ್ನು ಶುರುಮಾಡಿ, ತಾವೇ ಕಟ್ಟಿದ ನನ್ನ ವಾದವನ್ನು ಒಂದೊಂದೇ ಕಲ್ಲಾಗಿ ಬಿಚ್ಚಿ ಕೆಳಗಿಟ್ಟರು. ನಾನು ಸೋತೆ.

ಹೊರಗೆ ಬಂದವನೇ ಜಗಳಕ್ಕೆ ನಿಂತೆ. "ನನ್ನ ವಾದ ಮಾಡೋಕೆ ನಿಮಗ್ಯಾರ್ರೀ ವಕಾಲತ್ತು ಕೊಟ್ಟೋರು?"

"ನೀವೇ ಸರಿಯಾಗಿ ಮಾಡಿದ್ರೆ ನಂಗ್ಯಾಕ್ರೀ ಆ ಕೆಲ್ಸ?" ಎಂದು ನಕ್ಕರು. "ಅರೆಬರೆ ವಾದ ಸೋಲಿಸಿ ಏನ್ ಸುಖ? ನಡೀರಿ, ಕಾಫಿ ಕುಡಿಯಾಣ."

ಕಾಫಿ ಕುಡಿದೆ, ಸಿಟ್ಟು ಇಳಿಯಲಿಲ್ಲ. ಅಂದಿನಿಂದ ಅವರ ವಿರುದ್ಧ ಯಾವ ಕೇಸು ಬಂದರೂ ನಾನು ಬಿಡುತ್ತಿರಲಿಲ್ಲ.

ಅವರು ಚುನಾವಣೆಗೆ ನಿಂತಾಗ ಈ ಚಾಳಿ ಬಿಟ್ಟಾರು ಅಂದುಕೊಂಡಿದ್ದೆ. ಎಲ್ಲಿ ಬಿಡುತ್ತಾರೆ! ಗೆದ್ದು ವಿಧಾನಸಭೆಗೆ ಹೋದ ಮೇಲೆ ಮೊದಲ ಭಾಷಣ ಅಜ್ಜಂಪುರಕ್ಕೆ ಹೆಣ್ಣುಮಕ್ಕಳ ಹಾಸ್ಟೆಲ್ ಬೇಕು ಅನ್ನುವುದರ ಬಗ್ಗೆ. ಎದ್ದು ನಿಂತವರು ಅಭ್ಯಾಸಬಲದಿಂದ ಸಭಾಧ್ಯಕ್ಷರನ್ನು 'ಸ್ವಾಮಿ ನ್ಯಾಯಾಧೀಶರೇ' ಎಂದು ಕರೆದರಂತೆ. ಸಭೆಯೆಲ್ಲ ನಕ್ಕಿತು. ಅದೇನೂ ದೊಡ್ಡ ತಪ್ಪಲ್ಲ. ತಪ್ಪಾದದ್ದು ಆಮೇಲೆ. ಹಾಸ್ಟೆಲ್ ಕೊಡಲು ಸರ್ಕಾರಕ್ಕೆ ಇರುವ ಕಷ್ಟಗಳನ್ನು ಮೊದಲು ವಿವರಿಸತೊಡಗಿದರು. ಕಟ್ಟಡವಿಲ್ಲ, ವಾರ್ಡನ್ ಇಲ್ಲ, ಹೆಣ್ಣುಮಕ್ಕಳನ್ನು ಕಳಿಸುವವರು ಎಷ್ಟು ಮಂದಿಯೋ ಗೊತ್ತಿಲ್ಲ, ಇತ್ಯಾದಿ. ತಮ್ಮ ಕಡೆಯದು ಶುರುವಾಗುವ ಹೊತ್ತಿಗೆ ಗಂಟೆ ಹೊಡೆಯಿತು, ಸಮಯ ಮುಗಿಯಿತು, ಕೂತರು.

ಮಾರನೆಯ ದಿನ ಅಜ್ಜಂಪುರದಲ್ಲಿ ದೊಡ್ಡ ಗಲಾಟೆ. "ನಮ್ಮ ಲಾಯರ್ರೇ ಹಾಸ್ಟೆಲ್ ಬ್ಯಾಡ ಅಂದ್ರಂತೆ ಕಣ್ಲಾ!" ಅವರು ಬೀರೂರಿನಲ್ಲಿ ರೈಲು ಇಳಿದರೆ ಪ್ಲಾಟ್‌ಫಾರಂ ಮೇಲೆಯೇ ನಾಲ್ಕು ಜನ ಅಡ್ಡಹಾಕಿ ಬೈದರು. ನನಗೆ ಹೇಳಲಾರದಷ್ಟು ಖುಷಿಯಾಗಿತ್ತು. ಆದರೆ ಮುಂದಿನ ಅಧಿವೇಶನದಲ್ಲಿ ಅವರು ಬಿಟ್ಟಲ್ಲಿಂದಲೇ ಶುರುಮಾಡಿ ತಾವೇ ಎತ್ತಿದ್ದ ಆಕ್ಷೇಪಣೆಗಳಿಗೆಲ್ಲ ಉತ್ತರ ಹೇಳಿದರು. ಮಂತ್ರಿಗಳು ಎದ್ದು, ಮಾನ್ಯ ಸದಸ್ಯರು ನಮಗೆ ಹೇಳಲು ಏನನ್ನೂ ಉಳಿಸಿಲ್ಲ ಎಂದರಂತೆ. ಹಾಸ್ಟೆಲ್ ಬಂತು. ಅಲ್ಲಿ ಓದಿದ ಹುಡುಗಿಯೊಬ್ಬಳು ಈಗ ನಮ್ಮ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ.

ಶಾಸಕರ ಹತ್ತಿರ ಜನ ಬರುವುದು ಶಿಫಾರಸು ಪತ್ರಕ್ಕೆ. ಇವರು ಶಿಫಾರಸು ಬರೆಯುತ್ತಿರಲಿಲ್ಲ. ಅದರ ಬದಲು ವಾಯಿದೆ ಕೊಡುತ್ತಿದ್ದರು! ಅರ್ಜಿ ತಂದವನಿಗೆ ಒಂದು ನಂಬರು, ಮುಂದಿನ ತಾರೀಕು. ಅಜ್ಜಂಪುರದ ಸಂತೆಯ ದಿನ ಒಂದು ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂತು, ಕೋರ್ಟಿನಲ್ಲಿ ಕೂಗುವ ಹಾಗೆ ಮೂರು ಸಲ ಕೂಗಿಸುತ್ತಿದ್ದರು. "ಅಮೃತಾಪುರದ ಬಸ್ಸಿನವರು! ಅಮೃತಾಪುರದ ಬಸ್ಸಿನವರು!" ಈರುಳ್ಳಿ ಚೀಲ ಕೆಳಗಿಳಿಸಿ ಯಾರೋ ಓಡಿ ಬರುವರು. ಕೆಲಸ ಆಗಿದ್ದರೆ ಆಗಿದೆ ಅನ್ನುವರು. ಆಗದಿದ್ದರೆ ಯಾರ ಟೇಬಲ್ಲಿನ ಮೇಲೆ ಕೂತಿದೆ, ಯಾಕೆ ಕೂತಿದೆ ಎಂದು ಹೇಳಿ ಇನ್ನೊಂದು ತಾರೀಕು ಕೊಡುವರು. "ಆಗಲ್ಲ ಅಂದ್ರೆ ಆಗಲ್ಲ ಅನ್ರಿ ಸ್ವಾಮಿ, ಓಡಾಡಿಸ್ಬ್ಯಾಡ್ರಿ" ಎಂದು ಕೆಲವರು ರೇಗುತ್ತಿದ್ದರು. ನಾನಂತೂ ಇದನ್ನು 'ಸಂತೆ ಕೋರ್ಟು' ಎಂದು ಕರೆದು ಬಾರ್ ರೂಮಿನಲ್ಲಿ ಅಣಕಿಸುತ್ತಿದ್ದೆ.

ಎಂಬತ್ತರ ದಶಕದಲ್ಲಿ ಒಂದು ಚುನಾವಣೆ ಸೋತರು. ಫಲಿತಾಂಶದ ಮಾರನೆಯ ದಿನ ಅವರ ಕೇಸೊಂದಿತ್ತು, ಎದುರು ನಾನೇ. ಪಾಪ, ಬರುವುದಿಲ್ಲ ಅಂದುಕೊಂಡು ಮುಂದೂಡಿಕೆಗೆ ಒಪ್ಪಲು ತಯಾರಾಗಿದ್ದೆ. ಹತ್ತೂವರೆಗೆ ಅದೇ ಹುರುಳಿಕಾಳಿನ ಕೋಟು ತೊಟ್ಟು ಬಂದರು. "ಸೋತೋನು ಅಂತ ಕನಿಕರ ಗಿನಿಕರ ತೋರಿಸ್ಬ್ಯಾಡ್ರಿ" ಎಂದರು. ತೋರಿಸಲಿಲ್ಲ, ಆದರೂ ಕೇಸು ಅವರೇ ಗೆದ್ದರು. ಅದಕ್ಕಿಂತ ನನ್ನನ್ನು ತಟ್ಟಿದ್ದು ಆ ವಾರದ ಸಂತೆ. ನಾನು ಬೇರೇನೋ ಕೆಲಸಕ್ಕೆ ಅಜ್ಜಂಪುರಕ್ಕೆ ಹೋಗಿದ್ದೆ. ನೋಡಿದರೆ ಹೋಟೆಲಿನ ಮುಂದೆ ಅದೇ ಬೆಂಚು, ಅದೇ ಕೂಗು. "ಇನ್ಯಾತಕ್ರೀ ಇದು? ಈಗ ನೀವು ಶಾಸಕರಲ್ಲ" ಎಂದೆ. "ನಾನು ಸೋತೆ ಅಂತ ಇವರ ಕೇಸು ವಜಾ ಆಗ್ತದೇನ್ರೀ? ಬಾಕಿ ಅವೆಯಲ್ಲ!" ಎಂದು ನನಗೂ ಬೆಂಚಿನ ಮೇಲೆ ಜಾಗ ಬಿಟ್ಟರು. ಬಾಕಿ ಇದ್ದವನ್ನೆಲ್ಲ ಮುಗಿಸಲು ಅವರಿಗೆ ಮೂರು ವರ್ಷ ಹಿಡಿಯಿತು. ಅಣಕಿಸುವುದನ್ನು ನಾನು ಬಿಟ್ಟದ್ದು ಆವತ್ತು.

ಆದರೆ ಅವರು ಎಂಥ ಮನುಷ್ಯ ಅನ್ನುವುದು ನನಗೆ ತಿಳಿದದ್ದು ಅದಕ್ಕೂ ಮೊದಲು, ಅವರು ಶಾಸಕರಾಗಿದ್ದಾಗಲೇ. ಅದರಲ್ಲಿ ನನ್ನ ಪಾಲೂ ಇದೆ. ಹೆಮ್ಮೆಪಡುವಂಥ ಪಾಲೇನಲ್ಲ.

ಎಪ್ಪತ್ತರ ದಶಕದ ನಡುವೆ ಉಳುವವನಿಗೆ ಭೂಮಿ ಎಂಬ ಕಾನೂನು ಬಂತು. ಬೇರೆಯವರ ಜಮೀನನ್ನು ಗೇಣಿಗೆ ಉಳುತ್ತಿದ್ದವರು 'ಡಿಕ್ಲರೇಷನ್' ಎಂಬ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ, ಉತ್ತದ್ದು ನಿಜವಾದರೆ ಅವರಿಗೇ ಜಮೀನು ಕೊಡುವುದು. ಆ ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿಲ್ಲ. ನಮ್ಮ ಬಾರ್‌ನವರಿಗೆಲ್ಲ ಹೊಟ್ಟೆ ಉರಿದುಹೋಯಿತು. ಇವರೊಬ್ಬರು ವಕೀಲರಾಗಿಯೂ ಅದನ್ನು ಒಪ್ಪಿಕೊಂಡಿದ್ದರು. "ಇಪ್ಪತ್ತು ವರ್ಷ ಉತ್ತೋನು 'ನಾನು ಉತ್ತೆ' ಅಂತ ಹೇಳೋಕೆ ನಾವ್ಯಾಕ್ರೀ ಬೇಕು?" ಎನ್ನುತ್ತಿದ್ದರು. ಸಾಲದ್ದಕ್ಕೆ ಊರೂರು ಸುತ್ತಿ, ಸಂತೆಯಲ್ಲಿ ಬೆಂಚಿನ ಮೇಲೆ ಹತ್ತಿ, "ಡಿಕ್ಲರೇಷನ್ ಹಾಕ್ರಿ, ಹೆದರಬ್ಯಾಡ್ರಿ" ಎಂದು ಹೇಳಿದರು. ಮಂಡಳಿಯಲ್ಲಿ ಅವರೂ ಒಬ್ಬ ಸದಸ್ಯರು.

ಆ ಮಾತನ್ನು ಸಂತೆಯಲ್ಲಿ ನಿಂತು ಕೇಳಿದವರಲ್ಲಿ ಹನುಮಕ್ಕ ಒಬ್ಬಳು. ಲಾಯರ್ರ ಊರಿನ ಕೆಳಗಿನ ಕೇರಿಯವಳು. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು. ಎರಡು ಎಕರೆ ಎರೆಹೊಲದಲ್ಲಿ ಕಡಲೆ, ಜೋಳ, ಈರುಳ್ಳಿ ಬೆಳೆದು ಬದುಕುತ್ತಿದ್ದಳು. ಬಾಯಿಮಾತಿನ ಗೇಣಿ, ಒಂದು ಚೂರು ಕಾಗದವಿಲ್ಲ. ಅವಳು ಅರ್ಜಿ ಹಾಕಿದಳು. ಆ ಎರಡು ಎಕರೆ ಇದ್ದದ್ದು ಲಾಯರ್ರ ಮನೆತನದ ಹೆಸರಿನಲ್ಲಿ.

ಲಾಯರ್ರ ಅಣ್ಣ ಪಹಣಿ ಹಿಡಿದುಕೊಂಡು ಕಡೂರಿನ ನನ್ನ ಆಫೀಸಿಗೆ ಬಂದರು. ಮನೆ, ಜಮೀನು ನೋಡಿಕೊಳ್ಳುತ್ತಿದ್ದವರು ಅವರೇ. ತಮ್ಮನ ವಿರುದ್ಧ ಸದಾ ನಿಲ್ಲುವ ವಕೀಲ ಅಂತ ನನ್ನನ್ನು ಹುಡುಕಿ ಬಂದದ್ದು. "ನೋಡ್ರಿ, ಸಾಗುವಳಿ ಕಾಲಂನಾಗೆ ನನ್ನ ಹೆಸರೇ ಐತೆ. ಹೆಂಗಾರ ಮಾಡಿ ಉಳಿಸ್ಕೊಡ್ರಿ" ಎಂದರು. ನಾನು ಮಂಡಳಿಯ ಮುಂದೆ ನಿಲ್ಲುವಂತಿಲ್ಲ ಎಂದೆ. ಅಷ್ಟಕ್ಕೇ ಸುಮ್ಮನಿರಬೇಕಾಗಿತ್ತು. ಆದರೆ ಬುದ್ಧಿವಂತಿಕೆ ಸುಮ್ಮನಿರಲು ಬಿಡಲಿಲ್ಲ. "ವಕೀಲರು ನಿಲ್ಲೋ ಹಾಗಿಲ್ಲ, ಜಮೀನಿನ ಒಡೆಯರು ನಿಲ್ಲಬಹುದಲ್ಲ? ನಿಮ್ಮ ತಮ್ಮನೂ ಪಾಲುದಾರರೇ. ಸದಸ್ಯರ ಕುರ್ಚಿ ಬಿಟ್ಟು ಒಡೆಯರಾಗಿ ಬಂದು ನಿಂತರೆ ಯಾರು ತಡೆಯುತ್ತಾರೆ? ಅವರ ಬಾಯಿ ಮುಂದೆ ಆ ಹೆಂಗಸು ಎಷ್ಟು ಹೊತ್ತು ನಿಲ್ತಾಳೆ?" ಎಂದೆ.

ಅಣ್ಣನ ಮುಖ ಅರಳಿತು, ಮತ್ತೆ ಬಾಡಿತು. "ಅವ್ನು ಒಪ್ಪಲ್ಲ."

"ನಿಮ್ಮ ತಾಯಿಯವರ ಕೈಲಿ ಹೇಳಿಸಿ" ಎಂದೆ. ಆ ಮನೆಯಲ್ಲಿ ಅವ್ವನ ಮಾತನ್ನು ಯಾರೂ ಮೀರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಅವ್ವ ಹೇಳಿದರು. ಆಮೇಲೆ ಅಣ್ಣನೇ ನನಗೆ ತಿಳಿಸಿದ್ದು. "ಊರ ಹೊಲ ಎಲ್ಲಾ ಹಂಚೋಕೆ ಹೊಂಟೀಯ, ಹಂಚು. ನಮ್ಮ ಹೊಲ ಹೋತು ಅಂದ್ರೆ ನನ್ನ ಹೊಸ್ತಿಲು ತುಳೀಬ್ಯಾಡ" ಎಂದರಂತೆ. ಲಾಯರ್ರು ಕಿವಿಯ ಹಿಂದೆ ಕೈಯಿಟ್ಟು ಪೂರ್ತಿ ಕೇಳಿ, "ಆಗ್ಲಿ ಅವ್ವ, ಹೋಗಿ ಮಾತಾಡ್ತೀನಿ" ಎಂದರಂತೆ. ಗೆದ್ದೆವು ಅಂದುಕೊಂಡೆ.

ವಿಚಾರಣೆ ತರೀಕೆರೆಯಲ್ಲಿ. ವಾದ ಮಾಡುವಂತಿಲ್ಲವಾದರೂ ಬಾಗಿಲ ಹತ್ತಿರ ನಿಂತು ನೋಡಲು ಯಾರ ಅಪ್ಪಣೆ ಬೇಕು? ನಾನೂ ಹೋಗಿ ನಿಂತೆ. ಕೇಸು ಕೂಗಿದರು. ಲಾಯರ್ರು ಸದಸ್ಯರ ಕುರ್ಚಿಯಿಂದ ಎದ್ದು, ಈ ಕೇಸಿನಲ್ಲಿ ತಾವು ಕೂರುವುದಿಲ್ಲ ಎಂದು ಬರೆಸಿ, ಮೇಜು ಸುತ್ತಿ ಬಂದು ಈಚೆ ನಿಂತರು. ಹನುಮಕ್ಕ ಸೆರಗು ಹಿಡಿದುಕೊಂಡು ಗೋಡೆಗೆ ಒತ್ತಿಕೊಂಡಳು. ಅವಳ ಮುಖ ನೋಡಿ ನನಗೆ ಒಳಗೊಳಗೇ ಅಳುಕಾಯಿತು.

"ಸ್ವಾಮಿ, ಎದುರು ಕಡೆಯವರ ಹೇಳಿಕೆ ಏನೆಂದರೆ" ಎಂದು ಲಾಯರ್ರು ಶುರುಮಾಡಿದರು. ಈ ಚಾಳಿಯನ್ನು ನಾನು ಹೇಗೆ ಮರೆತೆ!

ಹನುಮಕ್ಕನ ಗಂಡ ಯಾವ ಕಾಲದಿಂದ ಆ ಹೊಲಕ್ಕೆ ಬಂದ, ಕಲ್ಲು ಆರಿಸಿ ಬದು ಹಾಕಿದವರು ಯಾರು, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅದಕ್ಕೆ ಅವನು ಕಾಲುವೆ ತೆಗೆದದ್ದು, ತಾವು ರಜೆಗೆ ಊರಿಗೆ ಬಂದಾಗಲೆಲ್ಲ ಆ ಗಂಡಹೆಂಡಿರನ್ನು ಅಲ್ಲಿ ಕಂಡದ್ದು, ಎಲ್ಲವನ್ನೂ ಹೇಳಿದರು. ಅರ್ಧ ಗಂಟೆ ಹಿಡಿಯಿತು. ಅಧ್ಯಕ್ಷರಾಗಿದ್ದ ಅಸಿಸ್ಟೆಂಟ್ ಕಮಿಷನರು, "ಸರಿ, ಈಗ ನಿಮ್ಮ ಕಡೆಯದು ಹೇಳಿ" ಎಂದರು.

"ಪಹಣಿಯಲ್ಲಿ ನಮ್ಮಣ್ಣನ ಹೆಸರಿದೆ. ಆ ಹೊಲದಲ್ಲಿ ನಮ್ಮಣ್ಣ ಬಿತ್ತನೆಗೆ ಕೂರಿಗೆ ಹಿಡಿದದ್ದನ್ನು ನಾನು ನೋಡಿಲ್ಲ. ನಮ್ಮ ಕಡೆಯದು ಇಷ್ಟೇ" ಎಂದು ಹೇಳಿ ನಿಂತುಬಿಟ್ಟರು.

ಅಣ್ಣ ನನ್ನ ಕಡೆ ತಿರುಗಿ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಅಷ್ಟರಲ್ಲಿ ಅಧ್ಯಕ್ಷರು ಹನುಮಕ್ಕನನ್ನು, "ನೀನು ಹೇಳೋದೇನಾದರೂ ಇದೆಯೇನಮ್ಮ?" ಎಂದು ಕೇಳಿದರು. ಏನೂ ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಲಾಯರ್ರು ಹೇಳಿದ್ದೆಲ್ಲ ದಿಟ ಸ್ವಾಮಿ. ಒಂದು ಬಿಟ್ಟವ್ರೆ. ನಮ್ಮೆಜಮಾನ್ರು ಜ್ವರ ಬಂದು ಮಲಗಿದ ವರ್ಷ ಬಿತ್ತನೆ ನಿಂತೋಗಿತ್ತು. ನಮ್ಮ ತಾವ ಎತ್ತಿರಲಿಲ್ಲ. ದೊಡ್ಡವ್ವಾರು, ಲಾಯರ್ರ ಅವ್ವಾರು, ಅವರ ಮನೆ ಎತ್ತು ಕಳಿಸಿ ಬಿತ್ತನೆ ಮಾಡಿಸಿದ್ರು. ಅದನ್ನೂ ಬರ್ಕಳಿ. ಇಲ್ಲಾಂದ್ರೆ ತೆಪ್ಪಾಗ್ತದೆ."

ಒಡೆಯರ ಎತ್ತು ಬಂದು ಬಿತ್ತನೆಯಾಯಿತು ಎಂದರೆ ಒಡೆಯರೇ ಸಾಗುವಳಿ ಮಾಡಿಸಿದರು ಎಂದು ವಾದಿಸಲು ದಾರಿಯಾಯಿತು. ಪಹಣಿಯಲ್ಲಿ ಹೆಸರು ಬೇರೆ ಇದೆ. ಯಾವ ವಕೀಲನೂ ತನ್ನ ಕಕ್ಷಿದಾರಳ ಬಾಯಿಂದ ಆ ಮಾತು ಬರಲು ಬಿಡುತ್ತಿರಲಿಲ್ಲ. ಅಣ್ಣ ಎದ್ದು ನಿಂತು, "ಬರ್ಕಳಿ ಸ್ವಾಮಿ, ಅವಳೇ ಒಪ್ಪಿದ್ಲು! ಎತ್ತು ನಮ್ದು!" ಎಂದು ಕೂಗಿದರು. ಅಧ್ಯಕ್ಷರು ಬರೆದುಕೊಂಡರು. ಆ ವರ್ಷದ ಬಿತ್ತನೆ ಕಣ್ಣಾರೆ ಕಂಡವರಿದ್ದರೆ ಮುಂದಿನ ತಾರೀಕಿಗೆ ಕರೆತನ್ನಿ ಎಂದು ಎರಡೂ ಕಡೆಗೆ ಹೇಳಿ ಮುಂದೂಡಿದರು.

ಲಾಯರ್ರು ಆವತ್ತು ಊರಿಗೆ ಹೋಗಲಿಲ್ಲ. ತರೀಕೆರೆಯಲ್ಲೇ ಒಂದು ರೂಮು ಮಾಡಿಕೊಂಡು ಹೋಟೆಲ್ ಊಟಕ್ಕೆ ಶುರುಮಾಡಿದರು. ಎರಡು ದಿನ ಬಿಟ್ಟು ನಾನೇ ಹುಡುಕಿಕೊಂಡು ಹೋದೆ. ಅಣ್ಣನಿಗೆ ಆ ಬುದ್ಧಿ ಹೇಳಿಕೊಟ್ಟವನು ನಾನು ಎಂದು ಒಪ್ಪಿಕೊಂಡೆ. "ಗೊತ್ತಿತ್ತು ಬಿಡ್ರಿ. ಅಂಥಾ ಬುದ್ಧಿ ನಮ್ಮಣ್ಣಂಗೆ ಎಲ್ಲಿಂದ ಬಂದೀತು?" ಎಂದರು. ಆಮೇಲೆ ಕಣ್ಣರಳಿಸಿ, "ಹೆಂಗೆ ಮಾತಾಡಿದ್ಲು ನೋಡಿದ್ರಾ ಹನುಮಕ್ಕ? ನಾನೇ ಬಿಟ್ಟಿದ್ದೆ ಕಣ್ರೀ ಅದನ್ನ!" ಎಂದರು.

"ಮಾತಾಡಿ ಕೆಡಿಸ್ಕೊಂಡ್ಲು. ಆ ವರ್ಷ ಉತ್ತಿದ್ದು ಯಾರು ಅಂತ ನೀವೇ ಹೇಳಿಬಿಡಿ, ಮುಗೀತದೆ" ಎಂದೆ. ಯಾವ ಕಡೆಯ ವಕೀಲನಾಗಿ ಆ ಮಾತು ಆಡಿದೆನೋ ನನಗೇ ತಿಳಿಯಲಿಲ್ಲ.

ಅವರು ತಲೆ ಅಲ್ಲಾಡಿಸಿದರು. "ಆ ವರ್ಷ ನಾನು ಮೈಸೂರಾಗೆ ಓದ್ತಿದ್ದೆ. ನೋಡ್ಲಿಲ್ಲ. ನೋಡ್ದೇ ಇರೋದನ್ನ ನೋಡ್ದೆ ಅನ್ನೋಕಾಗ್ತದಾ? ಕೇರಿಯೋರಿಗೆಲ್ಲಾ ಗೊತ್ತಿರ್ತದೆ. ನಮ್ಮ ಮನೆ ವಿರುದ್ಧ ಬಂದು ಹೇಳೋರು ಯಾರು?" ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟಿದ್ದರು. ಹೊಲವೂ ಹನುಮಕ್ಕನಿಗೆ ಸಿಗದೆ, ಅವ್ವನ ಮನೆಯೂ ತಪ್ಪಿಹೋಗಿ, ಈ ಮನುಷ್ಯ ಎರಡೂ ಕಡೆ ಸೋಲುತ್ತಾರಲ್ಲ ಎಂದು ನನಗೆ ಅಳು ಬಂದಂತಾಯಿತು. ವರ್ಷಗಟ್ಟಲೆ ಅವರು ಸೋಲಲಿ ಅಂತ ಹಾರೈಸಿದವನು ನಾನು. ಈ ಒಂದು ಕೇಸಿನಲ್ಲಿ ಹಾಗಾಗದಿರಲಿ ಎಂದು ನಮ್ಮ ಮನೆದೇವರಿಗೆ ಕೈಮುಗಿದೆ.

ಮುಂದಿನ ತಾರೀಕಿನ ದಿನ ಬೆಳಿಗ್ಗೆ ಹನುಮಕ್ಕ ಒಬ್ಬಳೇ ಬಂದಿದ್ದಳು, ಸಾಕ್ಷಿ ಯಾರೂ ಇಲ್ಲ. ಲಾಯರ್ರು ಒಂದು ಮೂಲೆಯಲ್ಲಿ ನಿಂತಿದ್ದರು. ಕೇಸು ಕೂಗುವ ಹೊತ್ತಿಗೆ ಅಣ್ಣ ಒಳಗೆ ಬಂದರು. ಅವರ ಮುಖದಲ್ಲಿ ಹಿಂದಿನ ಸಲದ ಗೆಲುವಿರಲಿಲ್ಲ. ಅವರ ಹಿಂದೆ, ಅಜ್ಜಂಪುರದ ಬಸ್ಸಿನಲ್ಲಿ ಬಂದ ಧೂಳು ಸೆರಗಿನಲ್ಲೇ ಇಟ್ಟುಕೊಂಡು, ಅವ್ವ. ಮದುವೆ, ಮಠ ಬಿಟ್ಟರೆ ಊರು ದಾಟಿದವರಲ್ಲ, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವರಲ್ಲ.

ಆದದ್ದು ಹೀಗೆ. ಅಣ್ಣ ಮನೆಗೆ ಹೋಗಿ, "ಹನುಮಕ್ಕನೇ ಹೇಳ್ಬಿಟ್ಲು ಅವ್ವ, ನೀನು ಎತ್ತು ಕಳಿಸಿದ್ದೆ ಅಂತ. ಇನ್ನು ಹೊಲ ನಮ್ದೇ" ಎಂದಿದ್ದರು. ಅವ್ವ, "ಅವಳನ್ನ ಯಾರಾದ್ರೂ ಕೇಳಿದ್ರಾ ಅದನ್ನ?" ಎಂದು ವಿಚಾರಿಸಿದರಂತೆ. "ಇಲ್ಲ, ತಾನಾಗೇ ಹೇಳಿದ್ಲು" ಎಂದರೆ, ಎದ್ದು ಒಳಗೆ ಹೋದರಂತೆ. ತಾರೀಕಿನ ದಿನ ಮಾತ್ರ ಎದ್ದು ಮಡಿಸೀರೆ ಉಟ್ಟು ಬಸ್ಸಿಗೆ ಹೊರಟು ನಿಂತರು.

ಅಧ್ಯಕ್ಷರು ಕುರ್ಚಿ ಹಾಕಿಸಿದರು. ಅವ್ವ ಕೂರಲಿಲ್ಲ. ಹನುಮಕ್ಕನ ಕಡೆ ಒಮ್ಮೆ ನೋಡಿ, "ಎತ್ತು ನಂದು ಸ್ವಾಮಿ. ಅಮೃತಮಹಲ್ ಜೋಡಿ. ಅಂಥಾ ಎತ್ತು ಆ ಕಾಲಕ್ಕೆ ಊರಾಗೆ ಇನ್ನೊಂದಿರಲಿಲ್ಲ" ಎಂದರು.

"ಹಾಗಾದರೆ ಆ ವರ್ಷ ಬಿತ್ತನೆ ಮಾಡಿಸಿದ್ದು ನೀವೇ?"

"ನಾನೆಲ್ಲಿ ಮಾಡಿಸ್ದೆ? ಎತ್ತು ಕೊಟ್ಟೆ. ಹೊಡ್ಕೊಂಡು ಹೋಗು ಅಂತ ಆಳಿಗೆ ಹೇಳಿದ್ರೆ, ಅವನು ಹೊಲದ ತಾವ ಎತ್ತು ಬಿಟ್ಟು ಓಡಿ ಬಂದಿದ್ದ, ಅವನಿಗೂ ಜ್ವರ. ನಾನೇ ನೋಡೋಕೆ ಹೋದೆ. ಕೂರಿಗೆ ಹಿಡಿದೋಳು ಇವಳು. ಏಳು ತಿಂಗಳ ಬಸುರಿ. ಬ್ಯಾಡ ಕಣೇ, ನಾಳೆ ಯಾರನ್ನಾರ ಕಳಿಸ್ತೀನಿ ಅಂದೆ. ಹದ ಆರಿಹೋಗ್ತದೆ ಅವ್ವಾರೇ ಅಂದ್ಲು. ಬದುವಿನ ಮ್ಯಾಲೆ ಕುಂತು ನೋಡ್ದೆ, ಎರಡು ಎಕರೆ ಮುಗಿಸಿ ಮನೆಗೆ ಹೋದ್ಲು." ಸೆರಗು ಸರಿಮಾಡಿಕೊಂಡು ಸೇರಿಸಿದರು. "ನಾನು ಎತ್ತು ಕೊಟ್ಟಿದ್ದು ಅವಳಿಗೆ ಒಳ್ಳೇದಾಗ್ಲಿ ಅಂತ. ಅದನ್ನೇ ಹಿಡ್ಕೊಂಡು ಅವಳ ಹೊಲ ಕಿತ್ಕೊಂಡ್ರೆ ನಾನು ಕೊಟ್ಟಿದ್ದೇನಾತು?"

ಹನುಮಕ್ಕ ಗಟ್ಟಿಯಾಗಿ ಅತ್ತಳು. ಅಣ್ಣ ತಲೆ ತಗ್ಗಿಸಿ, ತಮಗೆ ಹೇಳುವುದೇನೂ ಇಲ್ಲ ಎಂದರು. ಮಂಡಳಿಯವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಎರಡು ಎಕರೆಯೂ ಹನುಮಕ್ಕನಿಗೆ ಎಂದು ಅಧ್ಯಕ್ಷರು ಅಲ್ಲಿಯೇ ಹೇಳಿ ಬರೆಸಿದರು. ಬಾಗಿಲ ಹತ್ತಿರ ನಿಂತಿದ್ದ ನಾನು, ನನ್ನ ಕಡೆಯವರು ಸೋತರಲ್ಲ ಅಂತ ಸಂತೋಷಪಟ್ಟದ್ದು ಬದುಕಿನಲ್ಲಿ ಅದೊಂದೇ ಸಲ.

ಲಾಯರ್ರು ಮೂಲೆಯಿಂದ ಕದಲಿರಲಿಲ್ಲ. ಹೊಲ ಹೋದರೆ ಹೊಸ್ತಿಲು ತುಳಿಯಬೇಡ ಅಂದಿದ್ದರು ಅವ್ವ, ಈಗ ಹೊಲ ಹೋಗಿತ್ತು. ಕೋರ್ಟಿನಲ್ಲೂ ವಿಧಾನಸಭೆಯಲ್ಲೂ ಮಾತಿಗೆ ತಡವರಿಸದ ಆ ಮನುಷ್ಯ ಕೋಟಿನ ಗುಂಡಿ ತಿರುವುತ್ತಾ ನೆಲ ನೋಡುತ್ತಿದ್ದರು.

ಅವ್ವ ಅವರ ಹತ್ತಿರ ಹೋಗಿ ನಿಂತರು. ಮಗ ಸೊರಗಿದ್ದನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟು ದೊಡ್ಡ ಲಾಯರ್ರಾಗಿ, ಸಾಕ್ಷಿ ಮನೇಲೇ ಕುಂತೈತೆ ಅಂತ ಹೊಳೀಲಿಲ್ವೇನೋ ನಿಂಗೆ? ಒಂದು ಮಾತು ಬಂದು ಕೇಳೋಕೆ ಏನಾಗಿತ್ತು? ನಡಿ, ಊಟಕ್ಕೆ ಹೊತ್ತಾತು."